ರಬ್ಬರ್ ಟ್ಯೂಬಿನ ಒಳಮೈ

೧

ಬಾಪುಸಾಹೇಬನಿಗೆ ಸೊಂಟದ ಕೆಳಗೆ ಸ್ಪರ್ಶವೇ ಇರಲಿಲ್ಲ.

ಹೀಗೆ ಶುರು ಮಾಡಬಹುದೇ? ಮೊದಲ ಸಾಲಿನಲ್ಲೇ ಕಾಲು ಬಿದ್ದುಹೋದ ಮನುಷ್ಯನನ್ನು ತೋರಿಸಿದರೆ ನಿಮಗೆ ಕನಿಕರ ಬಂದುಬಿಡುತ್ತದೆ. ಕನಿಕರ ಬಂದಮೇಲೆ ಯಾರೂ ಸರಿಯಾಗಿ ಓದುವುದಿಲ್ಲ. ಹಾಗಾದರೆ ಬಿದ್ದಲ್ಲಿಂದ ಶುರು ಮಾಡೋಣ: ೧೯೮೪ರ ಮೇ ತಿಂಗಳು, ಖಾನಾಪುರ ತಾಲ್ಲೂಕಿನ ಪಾರಿಶ್ವಾಡ, ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಲು ಮನೆಯ ಮೇಲೆ ಹತ್ತಿದ ರೈತ...

(ಇದನ್ನು ನಾಲ್ಕು ಪುಟ ಬರೆದೆ. ಹರಿದೆ. ಬೀಳುವುದು ಒಂದು ಕ್ಷಣದ ಕೆಲಸ. ಈ ಕಥೆಯಲ್ಲಿ ಮನುಷ್ಯನನ್ನು ಕೊಲ್ಲಲು ಹೊರಟಿರುವುದು ಅದಕ್ಕಿಂತ ಬಹಳ ನಿಧಾನದ್ದು.)

೨

ಆದ್ದರಿಂದ ಟ್ಯೂಬಿನಿಂದ. ಬೆನ್ನುಮೂಳೆ ಮುರಿದಮೇಲೆ ಬಾಪುಸಾಹೇಬನಿಗೆ ಮೂತ್ರ ತಾನಾಗಿ ಹೋಗುತ್ತಿರಲಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಮೂತ್ರಕೋಶಕ್ಕೆ ಕೆಂಪು ರಬ್ಬರ್ ಟ್ಯೂಬು ಹಾಕಿ ಮನೆಗೆ ಕಳಿಸಿದರು. ಹೆಂಡತಿ ತಾರಾಬಾಯಿಗೆ ಕೆಲಸ ಕಲಿಸಿದರು: ನೀರು ಕುದಿಸಿ, ಆರಿಸಿ, ದಪ್ಪ ಸಿರಿಂಜಿನಲ್ಲಿ ಎಳೆದು, ಟ್ಯೂಬಿನೊಳಗೆ ಬಿಟ್ಟು ತೊಳೆಯಬೇಕು. ದಿನಾ. ತಾರಾಬಾಯಿ ದಿನಾ ತೊಳೆದಳು.

ಆದರೂ ಜ್ವರ ಬಂತು. ಮಂಚ ಸಮೇತ ನಡುಗಿಸುವ ಚಳಿಜ್ವರ. ಬೆಳಗಾವಿಗೆ ಒಯ್ದು ಇಂಜೆಕ್ಷನ್ ಕೊಡಿಸಿದರೆ ಇಳಿಯುತ್ತಿತ್ತು, ಪಾರಿಶ್ವಾಡಕ್ಕೆ ಬಂದು ಸಾಮಾನು ಬಿಚ್ಚುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಹಣೆ ಮುಟ್ಟಿದರೆ ಗಂಡ ಗಾಬರಿಯಾಗುತ್ತಾನೆಂದು ತಾರಾಬಾಯಿ ಅವನ ಕಾಲು ಮುಟ್ಟಿ ನೋಡಲು ಕಲಿತಳು. ಅಲ್ಲಿ ಮುಟ್ಟಿದರೆ ಅವನಿಗೆ ತಿಳಿಯುವುದಿಲ್ಲವಲ್ಲ.

"ಮುಟ್ಟಿದೇನು?" ಒಮ್ಮೆ ಕೇಳಿದ.

"ಇಲ್ರಿ."

"ಕಾಲಿಗೆ ತಿಳೀಲಿಲ್ಲಂದ್ರೂ ನಿನ್ನ ಮಾರಿ ನೋಡಿದ್ರ ತಿಳೀತೈತಿ. ಏರೇತಿ, ಹೌದಲ್ಲ?"

೩

(ಇಲ್ಲಿ ಡಾಕ್ಟರ್ ಬರಬೇಕು. ಮೊದಲ ಡ್ರಾಫ್ಟಿನಲ್ಲಿ ದೇವತೆಯ ಹಾಗೆ ಬಂದಿದ್ದಳು, ಹಿಂದೆ ಬೆಳಕು ಬೇರೆ. ತೆಗೆದುಹಾಕಿದೆ.)

ಮತ್ತೆ ಬೆಳಗಾವಿಗೆ ಒಯ್ದಾಗ ಅಲ್ಲಿನ ಡಾಕ್ಟರ್ ಕಾಂತಾ ನಿದ್ದೆಗೆಟ್ಟು ಸಿಡುಕಾಗಿದ್ದಳು. ಹಳೆಯ ಟ್ಯೂಬು ಹೊರಗೆಳೆದು, ತಟ್ಟೆಯಲ್ಲಿಟ್ಟು, ಬ್ಲೇಡಿನಿಂದ ಉದ್ದಕ್ಕೆ ಸೀಳಿದಳು. ತಾರಾಬಾಯಿಗೆ ಕೈಗವಸು ಕೊಟ್ಟಳು.

"ಇಲ್ಲಿ ಬೆರಳ ಇಟ್ಟ ನೋಡ್ರಿ."

ತಾರಾಬಾಯಿಯ ಬೆರಳು ಜಾರಿತು, ಮಳೆಗಾಲದಲ್ಲಿ ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿದ ಹಾಗೆ.

"ಲೋಳಿ ಐತ್ರಿ ಡಾಕ್ಟರ್ ಬಾಯಾರ."

"ಲೋಳಿ ಅನ್ನಬ್ಯಾಡ್ರಿ, ಊರು ಅನ್ರಿ. ಬ್ಯಾಕ್ಟೀರಿಯಾ ರಬ್ಬರಿಗೆ ಹತ್ತಿಕೊಂಡು, ತಾವ ಅಂಟು ಬಿಟ್ಟು, ಅದರಾಗ ಮನಿ ಮಾಡ್ಯಾವ. ಬಯೋಫಿಲ್ಮ್ ಅಂತ ಹೊಸಾ ಹೆಸರು ಇಟ್ಟಾರ. ಇಂಜೆಕ್ಷನ್ ಕೊಟ್ಟರ ಹೊರಗ ಅಡ್ಡಾಡೂವು ಸಾಯ್ತಾವ, ಜ್ವರ ಇಳೀತೈತಿ. ಒಳಗ ಕುಂತಾವು ಹಂಗ ಕುಂತಿರ್ತಾವ."

"ಫಿಲಮ್ಮಿನ್ಯಾಗ ಹೀರೋ ಯಾರ್ರಿ?" ಬಾಪುಸಾಹೇಬ ಮಂಚದಿಂದಲೇ ಕೇಳಿದ.

ಕಾಂತಾ ನಗಲಿಲ್ಲ. "ಅವು ಮ್ಯಾಲೆ ಏರ್ಯಾವ, ಎಡಗಡೆ ಕಿಡ್ನಿ ತುಂಬ ಕೀವು ಐತಿ. ತಗೀಬೇಕು. ಇನ್ನ ಬಲಗಡೆದಕ್ಕೂ ಹತ್ತಿತಂದ್ರ..." ಮಾತು ಅಲ್ಲಿಗೇ ಬಿಟ್ಟು ತಾರಾಬಾಯಿಯ ಕಡೆ ತಿರುಗಿದಳು. "ತೊಳಿಯೂ ನೀರು ಹೆಂಗ ಮಾಡ್ತೀರಿ? ಒಂದ ಸಲ ಮಾಡಿ ತೋರಸ್ರಿ."

೪

ವರಾಂಡದ ಮೂಲೆಯಲ್ಲಿ, ರೋಗಿಗಳ ಮನೆಯವರು ಅಡುಗೆ ಮಾಡಿಕೊಳ್ಳುವ ಸ್ಟೋವಿನ ಮೇಲೆ ತಾರಾಬಾಯಿ ನೀರು ಕುದಿಸಿದಳು. ಮುಚ್ಚಿ ಆರಿಸಿದಳು. ಪಾತ್ರೆ ಬೆಳಗಿದ್ದಳು, ಕೈ ತೊಳೆದಿದ್ದಳು. ಕಾಂತಾ ಒಂದೊಂದಕ್ಕೂ ತಲೆ ಆಡಿಸುತ್ತಿದ್ದಳು. ಆಮೇಲೆ ತಾರಾಬಾಯಿ ಚೀಲದಿಂದ ಬಿಳಿ ಬಟ್ಟೆ ತೆಗೆದು, ಎರಡು ಪದರ ಮಡಚಿ, ಇನ್ನೊಂದು ಪಾತ್ರೆಯ ಬಾಯಿಗೆ ಕಟ್ಟಿ, ಕುದಿಸಿ ಆರಿಸಿದ ನೀರನ್ನು ಅದರ ಮೇಲೆ ಸುರಿದಳು.

ಜೈನರ ಮನೆಯಲ್ಲಿ ಸೋಸದ ನೀರು ಬಳಸುವುದಿಲ್ಲ. ನೀರಿನ ಸಣ್ಣ ಜೀವ ಸಾಯಬಾರದೆಂದು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಸೇದಿದ ಬಾವಿಗೇ ಹಿಂದಕ್ಕೆ ಬಿಡುತ್ತಾರೆ.

"ಕುದಸಿದ ಮ್ಯಾಲೂ ಸೋಸ್ತೀರಾ?"

"ಮೊದಲೂ ಸೋಸ್ತೀನ್ರಿ, ಆಮ್ಯಾಲೂ. ಇವರ ಹೊಟ್ಟ್ಯಾಗ ಬಿಡೂ ನೀರು, ಎರಡ ಸಲ ಆಗಲಿ ಅಂತ."

"ಈ ಅರಿವಿ ಯಾವಾಗ ಒಣಗತೈತಿ?"

"ಒಣಗಾಕ ಎಲ್ಲಿ ಬಿಡ್ತೀನ್ರಿ? ಕುಡಿಯೂ ನೀರಿಗೂ ಇದ, ಘಳಿಗಿಗೊಮ್ಮೆ ಬೇಕಲ್ಲ."

ಸಿಕ್ಕಿತು! (ಕೂಗಿದ್ದು ನಾನು, ಡಾಕ್ಟರ್ ಅಲ್ಲ.) ಒಣಗದ ಬಟ್ಟೆಯ ಕ್ರಿಮಿ ಕುದಿಸಿದ ನೀರಿಗೆ ಇಳಿದಿದೆ; ಜೀವ ಉಳಿಸುವ ಬಟ್ಟೆಯೇ ಜೀವ ತೆಗೆಯಿತು! ಇಂಥ ತಿರುವಿಗಾಗಿ ಎಷ್ಟು ಕಾಗದ ಹಾಳು ಮಾಡಿದ್ದೆ. ಮೇಜು ಕುಟ್ಟಿದೆ.

ತಾರಾಬಾಯಿ ನನ್ನ ಕಡೆ ತಿರುಗಿದಳು.

"ಏನೋ ತಮ್ಮಾ, ಭಾಳ ಖುಷಿ ಆತೇನು?"

"ಹಂಗಲ್ರಿ ಅಕ್ಕಾರ, ಕಥಿಗೆ ಒಂದು ಕಾರಣ..."

"ನಿನ್ನ ಕಥಿ ಮುಗಸಾಕ ನನ್ನ ಕೈಲೆ ಗಂಡನ್ನ ಕೊಲ್ಲಸ್ತೀ? ಮೊದಲ ಬಾಯಾರನ್ನ ಕೇಳು."

ಕೇಳಿದೆ. ಕಾಂತಾ ಒದ್ದೆ ಬಟ್ಟೆ ಹಿಂಡುತ್ತ ನಿಂತಿದ್ದಳು.

"ಅರಿವಿ ಇಲ್ಲಂದ್ರೂ ರಬ್ಬರಿಗೆ ಇದು ಕೂಡೂದ. ಮೈಯಾಗ ಹೊರಗಿನ ವಸ್ತು ಇಟ್ಟಮ್ಯಾಲೆ ಕೂಡತೈತಿ. ಹಸಿ ಅರಿವಿಯಿಂದ ಲಗೂ ಕೂಡೇತೋ ಏನೋ. ಖರೇ ಹೇಳ್ಲಾ? ನನಗ ಗೊತ್ತಿಲ್ಲ. ಇನ್ನ ಮ್ಯಾಲೆ ಅರಿವಿ ಬಿಡ್ರಿ, ಅಷ್ಟ."

ಡಾಕ್ಟರೇ ಗೊತ್ತಿಲ್ಲ ಅಂದರೆ ಕಥೆ ಬರೆಯುವವನು ಏನು ಮಾಡಬೇಕು?

೫

ಒಂದು ಅಂತ್ಯ: ತಾರಾಬಾಯಿ ಬಟ್ಟೆ ಬಿಡುತ್ತಾಳೆ, ಬಾಪುಸಾಹೇಬನನ್ನು ಜ್ವರ ಬಿಡುತ್ತದೆ. (ಇದು ಆರೋಗ್ಯ ಇಲಾಖೆಯ ಗೋಡೆಬರಹ. ಬೇಡ.)

ಇನ್ನೊಂದು: ಬಾಪುಸಾಹೇಬನ ಅಣ್ಣ ತಾತ್ಯಾಸಾಹೇಬ ವಾರ್ಡಿಗೆ ನುಗ್ಗಿ "ನನ್ನ ತಮ್ಮನ್ನ ನೀನ ತಿಂದಿ!" ಎಂದು ಅರಚುತ್ತಾನೆ, ತಾರಾಬಾಯಿ ಬಟ್ಟೆಗೆ ಬೆಂಕಿ ಹಚ್ಚುತ್ತಾಳೆ. (ನಾಟಕ ಕಂಪನಿಯವರು ಬೇಕಾದರೆ ಒಯ್ಯಲಿ.) ತಾತ್ಯಾಸಾಹೇಬ ಬಂದದ್ದೇನೋ ನಿಜ. ಅರಚಲಿಲ್ಲ. ಸ್ಟೂಲಿನ ಮೇಲೆ ಕೂತು, "ನಮ್ಮವ್ವಾನೂ ಹಿಂಗ ಸೋಸ್ತಿದ್ಲು" ಎಂದ. ಅದು ಬೈಗುಳವೋ ಸಮಾಧಾನವೋ ತಾರಾಬಾಯಿಗೆ ಈವರೆಗೂ ಬಗೆಹರಿದಿಲ್ಲ.

೬

ಎಡಗಡೆಯ ಕಿಡ್ನಿ ತೆಗೆದರು. "ಒಂದರ ಗತಿ ನೋಡಿ ಇನ್ನೊಂದು ಅಂಜಿರತೈತಿ, ಇನ್ನ ನೆಟ್ಟಗ ದುಡೀತೈತಿ ಬಿಡು," ಎಂದ ಬಾಪುಸಾಹೇಬ. ಹೊಸ ಟ್ಯೂಬು ಹಾಕಿ ಪಾರಿಶ್ವಾಡಕ್ಕೆ ಕಳಿಸಿದರು.

ಈಗ ತಾರಾಬಾಯಿ ನೀರು ಕುದಿಸಿ, ಆರಿಸಿ, ನೇರ ಸಿರಿಂಜಿಗೆ ಎಳೆಯುತ್ತಾಳೆ. ಹಾಗೆಯೇ ಬಿಟ್ಟ ನೀರು ಅವಳಿಗೆ ಬೆತ್ತಲೆ ಅನಿಸುತ್ತದೆ. ಅದಕ್ಕಿಂತ ಕೆಟ್ಟದ್ದು ತಲೆಯಲ್ಲಿ ನಡೆಯುವ ಲೆಕ್ಕ. ಇನ್ನು ಜ್ವರ ಬರದೆ ಹೋದರೆ, ಇಷ್ಟು ದಿನದ್ದು ಬಟ್ಟೆಯದೇ ತಪ್ಪು, ಅಂದರೆ ತನ್ನದು. ಬಂದರೆ ತನ್ನ ತಪ್ಪಿಲ್ಲ, ಆದರೆ ಗಂಡ ಉಳಿಯುವುದಿಲ್ಲ. ಬಸದಿಗೆ ಹೋದಾಗ ಏನು ಬೇಡಿಕೊಳ್ಳಬೇಕೆಂದೇ ತೋಚದೆ ಸುಮ್ಮನೆ ನಿಂತು ಬರುತ್ತಿದ್ದವಳು, ಕಡೆಗೊಂದು ದಿನ ಬೇಡಿಕೊಂಡೇಬಿಟ್ಟಳು: ತಪ್ಪು ನಂದ ಇರಲಿ.

"ಮುಂದ ಏನಾತ್ರಿ ಅಕ್ಕಾರ? ಜ್ವರ?"

ಸಿರಿಂಜಿನಿಂದ ಕಣ್ಣು ಕೀಳದೆ ಅವಳು ಹೇಳಿದಳು: "ನಿನಗ್ಯಾಕ ಅವಸರ? ಬಂದ್ರೂ ಬರೀತಿ, ಬರಲಿಲ್ಲಂದ್ರೂ ಬರೀತಿ. ಎರಡರಾಗೂ ನಿನಗ ಕಥಿ ಸಿಗತೈತಿ. ಎದ್ದ ಹೋಗು."

ಎದ್ದು ಬಂದೆ. ಆದ್ದರಿಂದ ಇದು ಮುಗಿದಿಲ್ಲ, ನಾನು ಮುಗಿಸುವುದೂ ಇಲ್ಲ. ನಾನು ಹೊಸ್ತಿಲು ದಾಟುವ ಹೊತ್ತಿಗೆ ಆ ಮನೆಯಲ್ಲಿ ಹೋಗಿದ್ದು ಇಷ್ಟು: ಕಿಡ್ನಿ ಒಂದು, ಆ ವರ್ಷದ ಭತ್ತ ಪೂರ್ತಿ, ಬಾಪುಸಾಹೇಬನ ಮೈಯಿಂದ ಹದಿನೇಳು ಕಿಲೋ.