ಮುಟ್ಟಿದ ಕಾಯಿ

ದುರ್ಗಪ್ಪ ನಮ್ಮ ವಾರ್ಡಿನಲ್ಲಿ ಓಟು ಕೇಳಿದ್ದನ್ನು ನಾನು ಕಂಡಿಲ್ಲ. ಅವನು ಕೇಳುವುದಿಲ್ಲ, ಮುಟ್ಟಿಸುತ್ತಾನೆ. ಪಂಚಾಯ್ತಿ ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಊರದೈವ ಜಟಗನ ಕಟ್ಟೆಯಲ್ಲಿ ಪೂಜೆ ಮಾಡಿಸಿದ ಒಂದು ತೆಂಗಿನಕಾಯಿ ಅವನ ಜನರ ಕೈಯಲ್ಲಿ ಮನೆಯಿಂದ ಮನೆಗೆ ಬರುತ್ತದೆ. ಮನೆಯವರೆಲ್ಲ ಅದರ ಮೇಲೆ ಕೈಯಿಟ್ಟು ‘ನಮ್ಮನೆ ಓಟು ನಿಮ್ಗೇ’ ಅನ್ನಬೇಕು. ಕಾಯಿ ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ಜಟಗ ಬಿಡುವುದಿಲ್ಲ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವರು ನಾವು. ಮತಗಟ್ಟೆಯಲ್ಲಿ ಸರ್ಕಾರ ರಟ್ಟಿನ ಮರೆ ಇಟ್ಟುಕೊಟ್ಟರೆ ಏನು ಬಂತು? ಜಟಗನಿಗೆ ಮರೆ ಉಂಟೇ?

ಹೀಗೇ ಮೂರು ಸಲ ಗೆದ್ದ. ಹೊಳೆಯ ಉಪ್ಪುನೀರು ತಡೆಯುವ ಒಡ್ಡಿನ ಬಾಗಿಲನ್ನು ಎರಡು ಸಲ ರಿಪೇರಿ ಮಾಡಿಸಿದ. ಎರಡೂ ಸಲ ಮೊದಲ ಮಳೆಗೇ ಹಲಗೆ ಕಿತ್ತು ಹೋಯಿತು. ಈಗ ಗದ್ದೆ ಹಾಳು, ಬಾವಿ ಉಪ್ಪು. ಬೇಸಿಗೆಯಲ್ಲಿ ಪಂಚಾಯ್ತಿ ಟ್ಯಾಂಕರ್ ಬಂದರೆ ಅನ್ನ ಬೇಯುತ್ತದೆ, ಇಲ್ಲದಿದ್ದರೆ ಇಲ್ಲ. ಮೇಲಿನ ಕೇರಿಯ ನಮಗೂ ಅದೇ ಪಾಡು, ಮೀನು ಹಿಡಿಯುವ ಮುಸಲ್ಮಾನರ ಕೆಳಗಿನ ಕೇರಿಗೂ ಅದೇ ಪಾಡು. ಆದರೆ ಹಿಂದೊಮ್ಮೆ ಮೆರವಣಿಗೆಯ ಮೈಕಿನ ವಿಷಯಕ್ಕೆ ಜಗಳವಾದ ಮೇಲೆ ಎರಡು ಕೇರಿಯವರೂ ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿದಿಲ್ಲ.

ಈ ಸಲ ನಾನು ನಿಂತೆ. ಕುಮಟೆಯ ಬಟ್ಟೆ ಅಂಗಡಿಯೊಂದಕ್ಕೆ ರವಿಕೆ ಹೊಲಿದು ಕೊಡುವವಳು ನಾನು, ಕಲ್ಪನಾ. ಚಿಹ್ನೆ ಸಿಕ್ಕಿದ್ದು ಸೀಲಿಂಗ್ ಫ್ಯಾನು. “ಕರೆಂಟೇ ಇಲ್ದ ಊರಿಗೆ ಒಳ್ಳೇದೇ ಸಿಕ್ತು” ಎಂದು ನನ್ನ ಗಂಡ ಉಮೇಶ ನಕ್ಕರು. ನಾನು ನಗಲಿಲ್ಲ. ನನಗೆ ಸಿಟ್ಟು ಬಂದಾಗ ನಗು ಬರುವುದಿಲ್ಲ, ಮತ್ತು ಆ ದಿನಗಳಲ್ಲಿ ಸಿಟ್ಟು ಇಳಿದದ್ದೇ ಇಲ್ಲ.

ಕಾಯಿ ಬಂತು. ನಮ್ಮನೆಯೊಂದನ್ನು ಬಿಟ್ಟು ಮೇಲಿನ ಕೇರಿಯ ಎಲ್ಲ ಮನೆಗೂ ಹೋಯಿತು. ನಮ್ಮ ಮನೆಗೆ ಬರದಷ್ಟಾದರೂ ನಾಚಿಕೆ ಇದೆಯಲ್ಲ ಅಂದುಕೊಂಡೆ.

ಆಗ ಹೊನ್ನಜ್ಜಿ ಒಂದು ಕೆಲಸ ಮಾಡಿದಳು. ಮದುವೆ ಚಪ್ಪರದಿಂದ ಹಿಡಿದು ಸಸಿ ನೆಡುವ ನೆಟ್ಟಿಯ ಗದ್ದೆಯವರೆಗೆ ಹೊನ್ನಜ್ಜಿಯ ಹಾಡಿಲ್ಲದೆ ನಮ್ಮಲ್ಲಿ ಯಾವ ಕೆಲಸವೂ ಶುರುವಾಗುತ್ತಿರಲಿಲ್ಲ. ಮಂಗಳವಾರ ಪೂಜೆಗೆ ಕೇರಿಯೆಲ್ಲ ಸೇರಿದ್ದಾಗ ಅವಳು ಜಟಗನ ಮುಂದೆ ತಪ್ಪುಕಾಣಿಕೆಯ ಕಾಯಿಯಿಟ್ಟು, ಹಾಡುವ ಗಂಟಲಿನಲ್ಲೇ ಕೂಗಿ ಹೇಳಿದಳು.

“ಜಟಗಾ, ನನ್ನ ಕೇರಿ ಮಕ್ಳು ಹೆದ್ರಿ ಕಾಯಿ ಮುಟ್ಟಿದ್ರು. ಯಾರಾದ್ರೂ ಮಾತು ತಪ್ಪಿದ್ರೆ ಆ ತಪ್ಪು ಅವ್ರ ತಲೆ ಮೇಲೆ ಬೇಡ. ನನ್ನ ತಲೆ ಮೇಲೆ ಇರ್ಲಿ.”

ಕೇರಿಯವರು ಪ್ರಸಾದ ತೆಗೆದುಕೊಂಡು ತಲೆ ತಗ್ಗಿಸಿ ಮನೆಗೆ ಹೋದರು.

ಮತದಾನದ ದಿನ ಮಧ್ಯಾಹ್ನವಾದರೂ ಕೆಳಗಿನ ಕೇರಿಯಿಂದ ಒಂದು ಪಿಳ್ಳೆಯೂ ಬರಲಿಲ್ಲ. ನಾನು ನಂಬಿಕೊಂಡಿದ್ದೇ ಆ ಓಟುಗಳನ್ನು. ಬಿಸಿಲಲ್ಲಿ ಓಡಿಕೊಂಡು ಹೋದೆ. ಮೈಮೂನಾ ಅಂಗಳದಲ್ಲಿ ಬಲೆ ಬಿಡಿಸುತ್ತ ಕೂತಿದ್ದಳು. ವಾರದ ಹಿಂದೆ ‘ಎಲ್ಲಾರೂ ಬತ್ತೇವೆ’ ಅಂದವಳು ಅವಳೇ.

“ಎಂತಕ್ಕೆ ಬರೂದು ಕಲ್ಪನಕ್ಕಾ? ನಿಮ್ಮ ಕೇರಿ ಪೂರಾ ಕಾಯಿ ಮುಟ್ಟಿದೆ. ಸೋಲೂದು ಗೊತ್ತಿದ್ದೂ ಬಂದು ದುರ್ಗಪ್ಪನ ಕಣ್ಣಿಗೆ ಬೀಳೂದಾ?”

“ಹೊನ್ನಜ್ಜಿ ತಪ್ಪು ತನ್ನ ಮೇಲೆ ತಕೊಂಡಿದಾಳೆ.”

“ನಿಮ್ಮವ್ರು ನಮ್ಮ ಬಾವಿಕಟ್ಟೆಗೆ ಕಾಲಿಡೂದಿಲ್ಲ. ನಮ್ಮ ಜೊತೆ ಓಟು ಹಾಕ್ತ್ರಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಜಗಳವಾಡಿ ಕರೆದುಕೊಂಡು ಬರುತ್ತಿದ್ದೆನೇನೋ. ಸಂಜೆಯವರೆಗೂ ಅವರಲ್ಲಿ ಒಬ್ಬರೂ ಬರಲಿಲ್ಲ.

ಕುಮಟೆಯಲ್ಲಿ ಎಣಿಕೆಯಾಯಿತು. ದುರ್ಗಪ್ಪನಿಗೆ ನೂರಾ ಮೂವತ್ತು, ನನಗೆ ಎಪ್ಪತ್ತೊಂದು. ಸೋತ ದುಃಖಕ್ಕಿಂತ ಮೊದಲು ನನಗಾದದ್ದು ಆಶ್ಚರ್ಯ. ಒಂದಂಕಿಯ ಮೇಲೆ ಬರುವುದಿಲ್ಲವೆಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಕೆಳಗಿನ ಕೇರಿಯಲ್ಲಿ ನೂರಕ್ಕೆ ಹತ್ತಿರ ಓಟು ಉಂಟು. ಅವರು ಮನೆಯಲ್ಲೇ ಕೂತರು. ಹಾಗಾದರೆ ನಮ್ಮನೆಯ ಎರಡು ಬಿಟ್ಟು ಉಳಿದ ಅರವತ್ತೊಂಬತ್ತು ಜನ ನಮ್ಮ ಕೇರಿಯವರೇ, ಕಾಯಿ ಮುಟ್ಟಿದವರೇ!

ದುರ್ಗಪ್ಪನಿಗೂ ಲೆಕ್ಕ ಬರುತ್ತದೆ. ಆದರೆ ಅವನು ಮೆರವಣಿಗೆಯ ಜೀಪಿನ ಮೇಲೆ ನಿಂತು, “ಆ ಎಪ್ಪತ್ತೊಂದೂ ಕೆಳಗಿನ ಕೇರಿದೇ! ನಮ್ಮವ್ರು ಒಬ್ರೂ ಮಾತು ತಪ್ಪಿಲ್ಲ!” ಎಂದು ಸಾರಿದ. ಅವನಿಗೆ ಬೇಕಾಗಿದ್ದು ಅದೇ. ಕೆಳಗಿನ ಕೇರಿಯವರು ಮತಗಟ್ಟೆಗೆ ಬರದ್ದನ್ನು ಸಾಲಿನಲ್ಲಿ ನಿಂತು ಕಣ್ಣಾರೆ ಕಂಡ ನಮ್ಮ ಕೇರಿಯ ಜನ ಹೌದು ಹೌದೆಂದು ಚಪ್ಪಾಳೆ ತಟ್ಟಿದರು.

ಏಪ್ರಿಲ್‌ನಲ್ಲಿ ಟ್ಯಾಂಕರ್ ಶುರುವಾಯಿತು. ಅದು ನಮ್ಮ ಕೇರಿಯ ಕೊನೆಯವರೆಗೆ ಬಂದು ಅಲ್ಲೇ ತಿರುಗಿಸಿಕೊಂಡು ಹೋಗುತ್ತಿತ್ತು. ರಸ್ತೆ ಸರಿಯಿಲ್ಲ, ಕೆಳಗೆ ಇಳಿಯುವುದಿಲ್ಲ ಎಂದು ಡ್ರೈವರನ ಮಾತು. ಹಾಕದ ಓಟಿಗೆ ಶಿಕ್ಷೆ. ಮೈಮೂನಾ ಮತ್ತು ಅವಳ ಅತ್ತೆ ತಲೆಯ ಮೇಲೆ ಕೊಡ ಹೊತ್ತು ಹೆದ್ದಾರಿಯಾಚೆಯ ಬೋರಿಗೆ ಹೋಗುವುದನ್ನು ನಾನು ಹೊಲಿಗೆ ಯಂತ್ರದ ಮುಂದೆ ಕೂತು ನೋಡುತ್ತಿದ್ದೆ. ನಮ್ಮವರೂ ನೋಡುತ್ತಿದ್ದರು. ಒಬ್ಬರು, ಒಬ್ಬರೇ ಒಬ್ಬರು ಎದ್ದು ‘ಆ ಓಟು ಹಾಕಿದ್ದು ನಾನು, ಅವರಲ್ಲ’ ಅಂದಿದ್ದರೆ ಸಾಕಿತ್ತು. ನಾನು ಹೇಳಿದೆ, ಪಂಚಾಯ್ತಿಯ ಮುಂದೆ ನಿಂತೇ ಹೇಳಿದೆ. ಸೋತವಳ ಹೊಟ್ಟೆಕಿಚ್ಚು ಅಂದರು.

ಹೊನ್ನಜ್ಜಿಯನ್ನು ಆ ಮೇ ತಿಂಗಳಲ್ಲಿ ಯಾವ ಮದುವೆಗೂ ಕರೆಯಲಿಲ್ಲ. ತಪ್ಪು ಹೊತ್ತವಳು ಚಪ್ಪರಕ್ಕೆ ಬರಬಾರದಂತೆ. ಹಾಡನ್ನು ಮೊಬೈಲಿನಲ್ಲಿ ಹಾಕಿ ಧಾರೆ ಎರೆದರು. ನನಗೆ ಅಳು ಬಂತು. ಅವಳ ಮನೆಗೆ ಹೋದೆ.

ಜಗಲಿಯ ಮೂಲೆಯಲ್ಲಿ ತೆಂಗಿನಕಾಯಿಗಳ ರಾಶಿ. ಅವಳ ಹಿತ್ತಿಲಲ್ಲಿ ಒಂದೂ ತೆಂಗಿನ ಮರವಿಲ್ಲ.

“ಇವೆಲ್ಲ ಎಂತ ಅಜ್ಜಿ?”

“ಜಟಗನಿಗೆ ತಪ್ಪುಕಾಣಿಕೆ. ಕತ್ತಲಾಗಿ ದನ ಕಟ್ಟೂ ಹೊತ್ತಿಗೆ ಒಬ್ಬೊಬ್ರೇ ತಂದು ಇಟ್ಟು ಹೋತ್ರು.”

ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮಾತು ತಪ್ಪಿದವರಲ್ಲದೆ ಇನ್ಯಾರು ತಪ್ಪುಕಾಣಿಕೆ ತರುತ್ತಾರೆ? “ಯಾರು ಯಾರು? ಹೇಳು ಅಜ್ಜಿ. ನಾಲ್ಕು ಜನ ಸಿಕ್ರೆ ಸಾಕು, ಕಟ್ಟೆ ಮುಂದೆ ನಿಲ್ಲಿಸ್ತೆ. ಕೆಳಗಿನ ಕೇರಿಗೆ ನೀರು ಬರ್ಲಿ.”

“ಹೇಳೂಕೆ ಬರೂದಿಲ್ಲ ತಂಗಿ.” ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. “ಒಬ್ಬೊಬ್ರೂ ತಾವು ತಂದ ಕಾಯಿ ಮೇಲೇ ನನ್ನ ಕೈಯಿಡ್ಸಿ ಆಣೆ ಹಾಕ್ಸ್ಕೊಂಡ್ರು, ಯಾರ ಹತ್ರನೂ ಹೇಳ್ಬೇಡ ಅಂತ. ಪ್ರತಿಯೊಬ್ರಿಗೂ ತಾನೊಬ್ನೇ ತಪ್ಪಿದ್ದು ಅಂತ ಹೆದ್ರಿಕೆ. ಅವ್ರ ತಪ್ಪು ನಾ ಹೊತ್ತೆ. ನಾ ಆಣೆ ತಪ್ಪಿದ್ರೆ ನನ್ನ ತಪ್ಪು ಹೊರೂಕೆ ಯಾರಿದಾರೆ?”

“ನಾನಿದೇನೆ” ಅಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ವಯಸ್ಸಾಗಿತ್ತು ಅವಳಿಗೆ, ದಣಿದಿದ್ದಳು. ಹೊರಡುವಾಗ ರಾಶಿಯಿಂದ ಒಂದು ಕಾಯಿ ಆರಿಸಿ ನನ್ನ ಕೈಗಿಟ್ಟಳು. “ತಕೊಂಡ್ ಹೋಗು. ಇಷ್ಟು ಕಾಯಿ ಜಟಗನಿಗೆ ಎಂತಕ್ಕೆ? ಸಾರಿಗೆ ಆಗ್ತದೆ.”

ಕಾಯಿ ಹಿಡಿದು ಕೇರಿಯ ನಡುವೆ ನಡೆದು ಬಂದೆ. ಹೊನ್ನಜ್ಜಿಯ ಮನೆ ಕಡೆಯಿಂದ ಬರುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಲೋಕೇಶ ಬೈಕು ಒರೆಸುತ್ತಿದ್ದವನು ಕಾಯಿ ನೋಡಿ ಬೆನ್ನು ತಿರುಗಿಸಿದ. ಗಣಪಿ ಒಣಗಿದ ಬಟ್ಟೆ ತೆಗೆಯುವುದನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ. ನಡುರಸ್ತೆಯಲ್ಲಿ ನಿಂತು ಕಾಯಿ ಎತ್ತಿ ಹಿಡಿದೆ.

“ಯಾರ್ದು ಇದು?”

“ನಮ್ದಲ್ಲ” ಅಂದಿತು ಒಂದು ಮನೆ. “ನಮ್ದೂ ಅಲ್ಲ” ಅಂದಿತು ಇನ್ನೊಂದು. ಉಳಿದವರು ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಜಗಲಿಯ ಮೇಲೆ ಕಾಯಿ ಇಟ್ಟೆ. ಉಮೇಶ ಕೈಕಾಲು ತೊಳೆದು ಬಂದವರು ಅದನ್ನು ನೋಡಿ ನಿಂತುಬಿಟ್ಟರು. ನಾನು ಎಲ್ಲಿಂದ ತಂದೆ ಎಂದು ಬಾಯಿ ಬಿಟ್ಟಿರಲಿಲ್ಲ.

“ಹೊನ್ನಜ್ಜಿ ಹೇಳ್ಬಿಟ್ಲಾ?”

ನಾನು ಅವರ ಮುಖ ನೋಡಿದೆ.

“ನೀನು ನಾಮಪತ್ರ ವಾಪಸಿನ ದಿನ ಕುಮಟೆಗೆ ಹೋಗಿದ್ದಿ ಅಲಾ, ಆಗ ದುರ್ಗಪ್ಪನ ಜನ ಬಂದ್ರು. ಇಡೀ ಕೇರಿ ಮುಟ್ಟಿದೆ, ನೀನೊಬ್ಬ ಯಾಕೆ ಉಳೀತೆ ಅಂದ್ರು. ನಾನೂ ಮುಟ್ಟಿದೆ. ಆದ್ರೆ ಓಟು ನಿಂಗೇ ಹಾಕ್ದೆ. ಜಟಗನ ಆಣೆ, ನಿಂಗೇ ಹಾಕ್ದೆ.”

ನಮ್ಮನೆಗೂ ಬಂದಿತ್ತು ಕಾಯಿ. ನನ್ನದೇ ಮನೆಯ ಓಟು ಕಳ್ಳತನದಲ್ಲಿ ನನಗೆ ಬಿದ್ದಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಹಾಗಾದ್ರೆ ನಾಳೆ ಕಟ್ಟೆ ಮುಂದೆ ನೀವು ಹೇಳಿ. ನೀವೊಬ್ರು ಹೇಳಿದ್ರೆ ಉಳಿದವ್ರೂ ಬಾಯಿ ಬಿಡ್ತಾರೆ.”

“ಹೇಳಿದ್ರೆ ಟ್ಯಾಂಕರ್ ನಮ್ಮನೆ ಮುಂದೂ ನಿಲ್ಲೂದಿಲ್ಲ. ಆತು, ಮುಗ್ದುಹೋಯ್ತು ಬಿಡು.” ಅವರು ಹತ್ತಿರ ಬಂದು, ಮದುವೆಯಾದ ಇಷ್ಟು ವರ್ಷದಲ್ಲಿ ಎಂದೂ ಹಿಡಿಯದಷ್ಟು ಮೆತ್ತಗೆ ನನ್ನ ಕೈ ಹಿಡಿದರು. ಆ ಕೈಯನ್ನು ಕಾಯಿಯ ಕಡೆಗೆ ಒಯ್ದರು. “ಯಾರ ಹತ್ರನೂ ಹೇಳ್ಬೇಡ. ಮುಟ್ಟು.”

ಹೊರಗೆ ರಸ್ತೆಯಲ್ಲಿ ಮೈಮೂನಾ ಖಾಲಿ ಕೊಡ ಹಿಡಿದು ಹೆದ್ದಾರಿಯ ಕಡೆಗೆ ಹೋಗುತ್ತಿದ್ದಳು.

ನಾನು ಕೈ ಕಿತ್ತುಕೊಂಡೆ.