ಗುಡ್ಡದ ಮೇಲಿನ ಗಾಳಿಮೀಟರು

೧೯೮೩ರ ಆಷಾಢದಲ್ಲಿ, ಕುರುಗೋಡಿನ ಹತ್ತಿರದ ಒಂದು ಹಳ್ಳಿಯ ಗುಡ್ಡದ ಮೇಲೆ ಸರ್ಕಾರದವರು ಗಾಳಿಮೀಟರು ನಿಲ್ಲಿಸಿದರು. ಕಂಬದ ತುದಿಯಲ್ಲಿ ಮೂರು ಬಟ್ಟಲು ಗಾಳಿಗೆ ತಿರುಗುತ್ತಿದ್ದವು. ತಿರುಗಿದಷ್ಟೂ ಕೆಳಗಿನ ಡಬ್ಬಿಯಲ್ಲಿ ಅಂಕಿ ಏರುತ್ತಿತ್ತು. ವರ್ಷವಿಡೀ ಸಾಕಷ್ಟು ಗಾಳಿಯಿದ್ದರೆ ನೀರೆತ್ತುವ ಗಾಳಿಯಂತ್ರ ಊರಿಗೆ ಬರುವುದಿತ್ತು. ದಿನಾ ಬೆಳಿಗ್ಗೆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು, ಡಬ್ಬಿಯನ್ನು ಸೊನ್ನೆಗೆ ತಿರುಗಿಸಿ ಬರುವ ಕೆಲಸವನ್ನು ರಿಟೈರಾಗಿದ್ದ ಕೊಟ್ರಬಸಪ್ಪ ಮೇಷ್ಟ್ರು ಒಪ್ಪಿಕೊಂಡರು.

ಮೊದಲ ತಿಂಗಳುಗಳಲ್ಲಿ ಬಟ್ಟಲು ಕಣ್ಣಿಗೆ ನಿಲುಕದಂತೆ ತಿರುಗಿದವು. ದೀಪಾವಳಿ ಕಳೆದ ಮೇಲೆ ಗಾಳಿ ಬಿದ್ದುಹೋಯಿತು. ಪಂಚಾಯ್ತಿ ಚೇರ್ಮನ್ ಹುಲುಗಪ್ಪ ಮನೆಗೆ ಬಂದ.

"ಮೇಷ್ಟ್ರೆ, ಸ್ವಲ್ಪ ಹೆಚ್ಚಿಗಿ ಬರದ್ರ ಯಾರಿಗಿ ಗೊತ್ತಾಗತೈತ್ರಿ? ಊರಿಗಿ ನೀರು ಬರತೈತಿ."

"ಯಂತ್ರ ಬರತೈತಿ, ಹುಲುಗಪ್ಪ. ನೀರು ಬರಬೇಕಂದ್ರ ಗಾಳಿ ಬೇಕಲ್ಲ," ಎಂದರು ಮೇಷ್ಟ್ರು.

ಒಳಗಿದ್ದ ಹೆಂಡತಿ ದಾಕ್ಷಾಯಣಮ್ಮನಿಗೆ ಗಂಡನ ಮೇಲೆ ಸಿಟ್ಟು ಬಂತು. ದೂರದ ಬಾವಿಯಿಂದ ಕೊಡ ಹೊತ್ತು ಹೊತ್ತು ಅವಳ ನೆತ್ತಿಯ ಕೂದಲೇ ಸವೆದಿತ್ತು.

ಸಂಕ್ರಾಂತಿಯ ಹೊತ್ತಿಗೆ ಎದೆನೋವು ಬಂದು ಮೇಷ್ಟ್ರು ಹಾಸಿಗೆ ಹಿಡಿದರು. ಗುಡ್ಡ ಹತ್ತಕೂಡದೆಂದು ಬಳ್ಳಾರಿಯ ಡಾಕ್ಟರು ಹೇಳಿದರು. ಪುಸ್ತಕ ಹಿಡಿದು ದಾಕ್ಷಾಯಣಮ್ಮನೇ ಹತ್ತಿದಳು. ಬಟ್ಟಲು ಅಲುಗದೆ ನಿಂತಿದ್ದವು. ಡಬ್ಬಿಯಲ್ಲಿದ್ದ ಅಂಕಿ ತೀರಾ ಸಣ್ಣದು. ಸುತ್ತ ಯಾರೂ ಇರಲಿಲ್ಲ. ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಇದ್ದಷ್ಟನ್ನೇ ಬರೆದು ಇಳಿದಳು.

"ಎಷ್ಟು ಬಂತು?" ಗಂಡ ಕೇಳಿದರು.

"ಇಲ್ಲ ಅನ್ನೂವಷ್ಟು ಕಮ್ಮಿ ಐತ್ರಿ. ಇದ್ದಷ್ಟೇ ಬರದೀನ್ರಿ."

ಅವರು ಅವಳ ಕೈ ಹಿಡಿದುಕೊಂಡರು. ಶಿವರಾತ್ರಿಗೆ ಮೊದಲೇ ತೀರಿಕೊಂಡರು.

ಮುಂದಿನ ಆಷಾಢಕ್ಕೆ ಸರ್ಕಾರದ ಎಂಜಿನಿಯರು ಬಂದು ಪುಸ್ತಕ ತಿರುವಿದರು. ಅರ್ಧಕ್ಕೆ ಅಕ್ಷರ ಬದಲಾಗಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಮೇಷ್ಟ್ರು ತೀರಿಕೊಂಡ ದಿನದ ಅಂಕಿಯೂ ಇತ್ತು.

"ನಾಲ್ಕು ತಿಂಗಳು ಬಿಟ್ಟರೆ ಇಲ್ಲಿ ಗಾಳಿ ಸಾಲದಮ್ಮ," ಎಂದು ದಾಕ್ಷಾಯಣಮ್ಮನಿಗೆ ಹೇಳಿದರು.

"ಆ ನಾಕು ತಿಂಗಳಿಗೇ ಯಂತ್ರ ಕೊಡ್ರಿ. ಉಳಿದಾಗ ನಿಲ್ಲತೈತಂತ ನಮಗ ಗೊತ್ತೈತಿ."

ಎಂಜಿನಿಯರು ಮೇಲಿನವರಿಗೆ ತೋರಿಸಲೆಂದು ಪುಸ್ತಕವನ್ನು ತಮ್ಮ ಜೊತೆಗೇ ಒಯ್ದರು.

ಮರುವರ್ಷ ಒಂದು ಸಣ್ಣ ಯಂತ್ರ ಬಂತು. ಮಳೆಗಾಲದುದ್ದಕ್ಕೂ ತಿರುಗಿ ಊರ ತೊಟ್ಟಿ ತುಂಬಿಸಿತು. ಕಾರ್ತಿಕದಲ್ಲಿ ಅದು ನಿಂತಾಗ ಯಾರೂ ಬೈಯಲಿಲ್ಲ. ಹೆಂಗಸರು ಕೊಡ ಎತ್ತಿಕೊಂಡು ಬಾವಿಗೆ ಹೊರಟರು, ದಾಕ್ಷಾಯಣಮ್ಮನೂ ಹೊರಟಳು.