ಅಮ್ಮನ ಮುಖಕ್ಕೆ ಕೂತ ಕನ್ನಡಕ

ಅಮ್ಮನ ಹೊಸ ಕನ್ನಡಕ ಕುಸ್ಕುಸ್ ರವೆಯ ಡಬ್ಬಿಯೊಳಗೆ ಸಿಕ್ಕಿತು. ಕೈತಪ್ಪಿ ಬಿದ್ದದ್ದಲ್ಲ, ಅವಳೇ ಬಚ್ಚಿಟ್ಟದ್ದು.

"ಏನಮ್ಮಾ ಇದು?" ಎಂದು ಕೂಗಿದೆ.

"ಮೆಲ್ಲಗೆ ಮಾತಾಡೋ ವನ್ನಾಸ್, ಬೀದಿಗೆಲ್ಲ ಕೇಳ್ಸತ್ತೆ. ಅದನ್ನ ಹಾಕ್ಕೊಂಡ್ರೆ ತಲೆ ಸಿಡಿಯತ್ತೆ ಕಣೋ. ಪ್ರೀತಿಯಿಂದ ಕೊಡಿಸಿದ್ದೀಯ, ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ."

ನನ್ನಮ್ಮ ಮನ್ನೂಬಿಯಾ ಮೂವತ್ತು ವರ್ಷದಿಂದ ಮಗ್ಗದ ಮುಂದೆ ಕೂತು ರತ್ನಗಂಬಳಿಯ ಗಂಟು ಕಟ್ಟುವವಳು. ಕೈರವಾನ್ ಊರಿನ ನಮ್ಮ ಬೀದಿಯಲ್ಲಿ ಅವಳಷ್ಟು ಬಿಗಿಯಾಗಿ ಗಂಟು ಹಾಕುವವರು ಇನ್ನೊಬ್ಬರಿಲ್ಲ. ನನ್ನ ತಂಗಿ ದಲೆಂದಾಳ ಮದುವೆಗೆಂದು ಒಂದು ರತ್ನಗಂಬಳಿ ಮಗ್ಗದ ಮೇಲಿತ್ತು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಹತ್ತಿರದ್ದೆಲ್ಲ ಅವಳಿಗೆ ಮಸುಕಾಯಿತು. ಎರಡು ಎಳೆಗೆ ಬೀಳಬೇಕಾದ ಗಂಟು ಮೂರು ಎಳೆಗೆ ಬೀಳತೊಡಗಿತು. ಹೂವೆಲ್ಲ ಸೊಟ್ಟಗಾದವು. ಅದಕ್ಕೇ ಆರೋಗ್ಯ ಕೇಂದ್ರದಲ್ಲಿ ಕಣ್ಣು ಪರೀಕ್ಷೆ ಮಾಡಿಸಿ, ಅಂಗಡಿಯಿಂದ ಈ ಕನ್ನಡಕ ಕೊಡಿಸಿದ್ದೆ.

ಅಷ್ಟರಲ್ಲಿ ಶಾದ್ಲಿಯಾ ಚಿಕ್ಕಮ್ಮ ಬಂದಳು. ಬಾಗಿಲು ದಾಟುವ ಮೊದಲೇ ಅವಳ ಮಾತು ಒಳಗೆ ಬಂದಿತ್ತು.

"ನಾನು ಹೇಳ್ಲಿಲ್ವಾ ಅಕ್ಕಾ? ಕನ್ನಡಕ ಹಾಕಿದ್ರೆ ಇರೋ ಕಣ್ಣೂ ಹಾಳಾಗತ್ತೆ. ಸಾಕು ಬಿಡು. ಶುಕ್ರವಾರ ಮಗ್ಗ ನಮ್ಮನೆಗೆ ಸಾಗಿಸ್ತೀನಿ. ಉಳಿದಿದ್ದನ್ನ ನನ್ನ ಸೊಸೆ ಕಟ್ತಾಳೆ."

ಅಮ್ಮ ಮಗ್ಗದ ಮರವನ್ನು ಅಂಗೈಯಲ್ಲಿ ಒಮ್ಮೆ ಸವರಿದಳು, ಅಷ್ಟೇ.

ನನಗೆ ತಡೆಯಲಾಗಲಿಲ್ಲ. ಕನ್ನಡಕ ಕಿತ್ತುಕೊಂಡು ಹೊರಗೆ ನುಗ್ಗಿದೆ. ಬಾಗಿಲಲ್ಲೇ ಪಕ್ಕದ ಮನೆಯ ಸಿಹೇಮ್ ಅಡ್ಡ ಸಿಕ್ಕಳು. ಆರೋಗ್ಯ ಕೇಂದ್ರದಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳೇ.

"ಎಲ್ಲಿಗಪ್ಪಾ ಯುದ್ಧ?"

"ಆ ಅಂಗಡಿಯವನ ಕಪಾಟು ಒಡಿಯಕ್ಕೆ! ಕೆಟ್ಟ ಗಾಜು ಹಾಕಿ ಕೊಟ್ಟಿದ್ದಾನೆ!"

"ಆಮೇಲೆ ಒಡಿ, ಓಡಿಹೋಗಲ್ಲ ಅದು. ಮೊದಲು ಕನ್ನಡಕ ಕೊಡು ಇಲ್ಲಿ."

ಒಳಗೆ ಬಂದು, ಆರೋಗ್ಯ ಕೇಂದ್ರದ ಚೀಟಿ, ಅಂಗಡಿಯ ಚೀಟಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಗಾಜಿನ ನಂಬರ್ ಸರಿಯಾಗಿಯೇ ಇತ್ತು. "ದೊಡ್ಡಮ್ಮಾ, ಇದನ್ನ ಹಾಕ್ಕೊಂಡು ಮಗ್ಗದ ಮುಂದೆ ಕೂತ ಹಾಗೆ ತಲೆ ಬಗ್ಗಿಸಿ," ಎಂದಳು.

ಅಮ್ಮ ಬಗ್ಗಿದಳು. ಕನ್ನಡಕ ಸರ್ರನೆ ಮೂಗಿನ ತುದಿಗೆ ಜಾರಿತು.

"ಅಂಗಡೀಲೂ ಹೀಗೇ ಜಾರ್ತಿತ್ತಾ?"

"ಇಲ್ಲಮ್ಮ, ಅಲ್ಲಿ ಗಟ್ಟಿಯಾಗೇ ಕೂತಿತ್ತು."

"ತಲೆ ಮೇಲಿದ್ದ ಸಫ್ಸಾರಿ ಹೊದಿಕೆ ತೆಗೆದಿದ್ರಾ?"

"ಅಯ್ಯೋ, ಗಂಡಸರು ತುಂಬಿರೋ ಅಂಗಡೀಲಿ ಹೊದ್ದಿದ್ದು ತೆಗೀತಾರೇನೇ?"

ಸಿಹೇಮ್ ನನ್ನ ಕಡೆ ತಿರುಗಿದಳು. "ನೋಡಿದ್ಯಾ? ಎರಡು ಮಡಿಕೆ ಬಟ್ಟೆ ಮೇಲೆ ಇಟ್ಟು ಅಳತೆ ನೋಡಿದ್ದಾರೆ. ಫ್ರೇಮು ಬಟ್ಟೆಗೆ ಸರಿಹೋಯ್ತು, ಮುಖಕ್ಕಲ್ಲ. ಜಾರಿದ ಗಾಜಿನ ಮಧ್ಯಭಾಗ ಕಣ್ಣಿನ ಮುಂದೆ ಇರಲ್ಲ. ಕಣ್ಣು ದಣಿಯತ್ತೆ, ತಲೆ ನೋಯತ್ತೆ. ಕಣ್ಣೇನೂ ಹಾಳಾಗಲ್ಲ, ಚಿಕ್ಕಮ್ಮಾ. ಅದಿರಲಿ, ಈ ಫ್ರೇಮು ಆರಿಸಿದ್ದು ಯಾರು?"

"ನಾನೇ," ಎಂದೆ. "ಅಗಲ, ಚಿನ್ನದ ಬಣ್ಣ. ಡಾಕ್ಟರ ಹೆಂಡತಿ ಥರ ಕಾಣ್ಲಿ ಅಂತ."

"ದೊಡ್ಡಮ್ಮನ್ನ ಕೇಳಿದ್ಯಾ?"

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಮೆಲ್ಲಗೆ ಹೇಳಿದಳು: "ಕಂದು ಬಣ್ಣದ್ದೊಂದು ಪುಟ್ಟದಿತ್ತು. ಚೆನ್ನಾಗಿತ್ತು. ಹೋಗ್ಲಿ ಬಿಡು."

ಅಂಗಡಿಯವನ ಮೇಲಿದ್ದ ಸಿಟ್ಟು ಅಷ್ಟೂ ತಿರುಗಿ ನನ್ನ ಮೇಲೇ ಬಂತು. ಮೂವತ್ತು ವರ್ಷ ಬೇರೆಯವರ ಮನೆಗೆ ಬಣ್ಣ ಆರಿಸಿಕೊಟ್ಟ ಹೆಂಗಸಿಗೆ, ತನ್ನ ಮೂಗಿನ ಮೇಲೆ ಕೂರುವ ವಸ್ತು ಯಾವುದಿರಲಿ ಎಂದು ಒಬ್ಬರೂ ಕೇಳಲಿಲ್ಲವಲ್ಲ! ಹೆತ್ತ ಮಗನೂ ಕೇಳಲಿಲ್ಲ.

ಮರುದಿನ, ಬುಧವಾರ, ಸಿಹೇಮ್ ಜೊತೆ, ಹೆಂಗಸರಿಗೆಂದು ಪರದೆ ಕಟ್ಟಿದ ಬೇರೊಂದು ಅಂಗಡಿಗೆ ಹೋದೆವು. ಗೇಲಿ ಮಾಡಲೆಂದೇ ಚಿಕ್ಕಮ್ಮನೂ ಬಂದಳು. ಪರದೆಯ ಹಿಂದೆ ಅಮ್ಮ ಸಫ್ಸಾರಿ ತೆಗೆದು, ಕೆಲಸದ ವೇಳೆ ಕಟ್ಟುವ ತಲೆವಸ್ತ್ರವನ್ನು ದಿನಾ ಕಟ್ಟುವ ಹಾಗೇ ಕಟ್ಟಿಕೊಂಡಳು. ಕನ್ನಡಕದ ಕಡ್ಡಿ ಬಟ್ಟೆಯೊಳಗೆ ಹೋಗಿ ಕಿವಿಯ ಮೇಲೆ ಕೂತಿತು.

"ತಲೆ ಬಗ್ಗಿಸಿ. ಅಲ್ಲಾಡಿಸಿ. ಈಗ ನಗಿ," ಎಂದಳು ಸಿಹೇಮ್.

"ನಗೋದ್ಯಾಕೆ?"

"ನಕ್ಕಾಗ ಕೆನ್ನೆ ಫ್ರೇಮನ್ನ ಮೇಲೆತ್ತಬಾರದು."

"ನಗೋ ಅಂಥದ್ದು ಏನಾದ್ರೂ ಹೇಳು ಹಾಗಾದ್ರೆ."

"ಶಾದ್ಲಿಯಾ ಚಿಕ್ಕಮ್ಮನಿಗೂ ಒಂದು ಹಾಕಿಸೋಣ!"

ಅಮ್ಮ ಬಿದ್ದು ಬಿದ್ದು ನಕ್ಕಳು. ಮೊದಲನೆಯದು ಜಾರಿತು. ಎರಡನೆಯದು ಕಣತಲೆ ಒತ್ತಿ ಗೆರೆ ಮೂಡಿಸಿತು. ಮೂರನೆಯದು ಕಂದು ಬಣ್ಣದ್ದು, ಹಗುರ. ಅದರ ಅಗಲ ಮುಖದ ಅಗಲಕ್ಕೆ ಸರಿಯಾಗಿತ್ತು, ರೆಪ್ಪೆ ತಾಗುತ್ತಿರಲಿಲ್ಲ, ಕಣ್ಣು ಗಾಜಿನ ನಡುವೆ ಬಂತು. ಅಮ್ಮ ಕನ್ನಡಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೇಗಿದೆಯಮ್ಮಾ?" ಈ ಸಲ ಕೇಳಿದೆ.

"ನನ್ನ ಮುಖ ನನ್ನದೇ ಥರ ಇದೆ ಕಣೋ. ಇದೇ ಇರಲಿ."

ಚಿಕ್ಕಮ್ಮ ಮೂತಿ ತಿರುಗಿಸಿದಳು. "ಪರವಾಗಿಲ್ಲ. ಹತ್ತು ವರ್ಷ ಚಿಕ್ಕವಳಾದೆ," ಎಂದು ಗೊಣಗಿದಳು.

ಗುರುವಾರ ಮಧ್ಯಾಹ್ನ ಗಾಜು ಕೂರಿಸಿ ಕೊಟ್ಟರು. ಅಮ್ಮ ನೇರ ಮಗ್ಗದ ಮುಂದೆ ಕೂತಳು. ಸೊಟ್ಟ ಹೂವುಗಳನ್ನು ನೋಡಿ, "ಥೂ, ಇದನ್ನೆಲ್ಲ ನಾನೇ ಕಟ್ಟಿದ್ನಾ!" ಎಂದು ನಾಲ್ಕು ಬೆರಳಷ್ಟು ಬಿಚ್ಚಿ ಹಾಕಿದಳು. ಹೊಸ ಗಂಟು ಸರಿಯಾಗಿ ಎರಡು ಎಳೆಗೇ ಬಿತ್ತು.

"ಮಗ್ಗ ಇಲ್ಲೇ ಇರಲಿ ಶಾದ್ಲಿಯಾ," ಎಂದಳು. ಚಿಕ್ಕಮ್ಮ ಉಣ್ಣೆಯ ಉಂಡೆ ಎತ್ತಿಕೊಟ್ಟು, "ನಿನ್ನ ಆ ಸಿಹೇಮ್ ಕಣ್ಣು ನೋಡೋದು ಯಾವ ದಿನವೇ?" ಎಂದು ಕೇಳಿದಳು.

ನಾನು ಪಕ್ಕದಲ್ಲಿ ಕೂತು ದಾರ ಹಿಡಿದಿದ್ದೆ. ಅಮ್ಮ ತಟ್ಟನೆ ನನ್ನ ಕೈ ಹಿಡಿದಳು, ಕಣ್ಣಿನ ಹತ್ತಿರ ತಂದಳು. ಕಿಟಕಿ ಸರಳು ಬೆಸೆಯುವ ಕೆಲಸ ನನ್ನದು. ಬೆರಳಿನ ತುಂಬ ಸುಟ್ಟ ಕಲೆಗಳು.

"ಇವೆಲ್ಲ ಯಾವಾಗ ಆಯ್ತೋ?"

"ಎರಡು ವರ್ಷ ಆಯ್ತಮ್ಮ."

"ನಾನು ನೋಡೇ ಇರ್ಲಿಲ್ಲ," ಎಂದವಳು ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಓದುವವರೇ, ಕೇಳುವವರೇ, ನಿಮ್ಮ ಮನೆಯ ಡಬ್ಬಿಗಳನ್ನೂ ಒಮ್ಮೆ ತೆರೆದು ನೋಡಿ. ಅಲ್ಲೂ ಒಂದು ಕನ್ನಡಕ ಅಡಗಿರಬಹುದು. ಹಾಕಿಕೊಳ್ಳದವರನ್ನು ಬೈಯಬೇಡಿ, ಯಾಕೆಂದು ಕೇಳಿ. ಕಣ್ಣು ಪರೀಕ್ಷೆ ಮಾಡಿಸಿ, ಹಾಕಿಕೊಳ್ಳುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಕೆಲಸ ಮಾಡುವಾಗ ತಲೆಗೆ ಏನು ಕಟ್ಟುತ್ತಾರೋ ಅದನ್ನೇ ಕಟ್ಟಿಕೊಂಡು, ಬಗ್ಗಿ, ನಕ್ಕು ನೋಡಲಿ. ಜಾರಿದರೂ ಒತ್ತಿದರೂ ಬೇಡ ಎನ್ನಿ. ಸರಿಯಾಗಿ ಕೂತ ಮೇಲೂ ತಲೆ ನೋಯುತ್ತಿದ್ದರೆ ಮತ್ತೆ ಪರೀಕ್ಷೆಗೆ ಹೋಗಿ. ಬಣ್ಣ, ಆಕಾರ ಅವರೇ ಆರಿಸಲಿ, ನೀವು ಕನ್ನಡಿ ಹಿಡಿದು ನಿಂತರೆ ಸಾಕು.